ಹೊತ್ತು ಮುಳುಗುವ ಮುಂಚಿನ ಸೂಜಿ

ಇನ್ಸುಲಿನ್ ಬಗ್ಗೆ ನನ್ನ ಅತ್ತೆಗೆ ಇದ್ದದ್ದು ಎರಡೇ ಪ್ರಶ್ನೆ. ಗುಳಿಗೆಗಳಿಂದ ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿಲ್ಲ, ಇನ್ನು ಮೇಲೆ ದಿನಕ್ಕೆರಡು ಸಲ ಸೂಜಿ ಚುಚ್ಚಿಕೊಳ್ಳಲೇಬೇಕು ಎಂದು ಮಿರಜಿನ ಡಾಕ್ಟರರು ಹೇಳಿದ ದಿನ ಅತ್ತೆಯೂ ನನ್ನ ಜೊತೆಗಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು.

"ಅದರಾಗ ಪ್ರಾಣಿದು ಏನರ ಇರತೈತೇನ್ರಿ?"

"ಮೊದಲ ಇರತಿತ್ತರಿ ಅಜ್ಜಿ. ಈಗ ಇಲ್ಲ. ಈಗ ಕಾರಖಾನ್ಯಾಗ ಮಾಡತಾರ."

"ಬಾಯಿಲೆ ತಗೊಳ್ಳೂದೇನು?"

"ಇಲ್ಲರಿ, ಹೊಟ್ಟಿಗೆ ಚುಚ್ಚಗೊಳ್ಳೂದು."

"ಹಂಗಾದ್ರ ಅಡ್ಡಿಯಿಲ್ಲ," ಎಂದರು ಅತ್ತೆ. ಜೀವಮಾನವಿಡೀ ನನ್ನ ಹೊಟ್ಟೆಗೆ ಸೂಜಿ ಚುಚ್ಚುವ ವಿಚಾರ ಅಲ್ಲಿಗೆ ಇತ್ಯರ್ಥವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಮಿರಜಿನ ಡಾಕ್ಟರರಿಗೆ ಕನ್ನಡ ಬಾರದಿದ್ದರೆ ಅರ್ಧ ದವಾಖಾನೆ ಖಾಲಿ ಹೊಡೆಯುತ್ತದೆ. ಕಾಗವಾಡ, ಅಥಣಿ ಕಡೆಯ ಜನ ರಾಜ್ಯದ ಗಡಿ ದಾಟಿ ಬೆಳಗಿನ ಬಸ್ಸಿಗೆ ಬಂದು ಬಾಗಿಲಲ್ಲೇ ಕೂತಿರುತ್ತಾರೆ. ನಮ್ಮ ಡಾಕ್ಟರರ ಮನೆಮಾತು ಮರಾಠಿ, ಕನ್ನಡ ಕಲಿತದ್ದು ರೋಗಿಗಳಿಂದ. ಹಾಗಾಗಿ ಅವರ ಕನ್ನಡದಲ್ಲಿ ಕೆಮ್ಮು, ಕಫ, ಉರಿ, ಬೇನೆಗಳಿಗೆ ಬೇಕಾದಷ್ಟು ಮಾತುಗಳಿದ್ದವು, ಸಂತೋಷಕ್ಕೆ ಅಷ್ಟಾಗಿ ಇರಲಿಲ್ಲ. ಆ ಕನ್ನಡದಲ್ಲೇ ಅವರು ನನಗೆ ಪೆನ್ನಿನಂಥ ಆ ಸಾಧನವನ್ನು ಹಿಡಿಯುವುದು, ತಿರುಗಿಸಿ ಅಳತೆ ಇಡುವುದು, ಹೊಟ್ಟೆಯ ಚರ್ಮ ಚಿವುಟಿ ಚುಚ್ಚುವುದು ಎಲ್ಲವನ್ನೂ ಹೇಳಿಕೊಟ್ಟರು. ಸೂಜಿ ತೆಗೆದುಕೊಂಡ ಅರ್ಧ ತಾಸಿಗೆ ಊಟ ಮಾಡಬೇಕು, ತಪ್ಪಿಸಿದರೆ ಸಕ್ಕರೆ ಇಳಿದು ಬೀಳುತ್ತೀರಿ ಎಂದು ಎರಡು ಸಲ ಎಚ್ಚರಿಸಿದರು. ಮೂರನೆಯ ಸಲ ಹೇಳಿದ್ದು ನನಗಲ್ಲ, ಅತ್ತೆಗೆ.

ನಾವು ಜೈನರು. ಅತ್ತೆ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ, ಒಂದು ಗುಟುಕು ನೀರು ಸಹ ಕುಡಿಯುವವರಲ್ಲ. ಚಿಕ್ಕ ವಯಸ್ಸಿನಲ್ಲೇ ಹಿಡಿದ ನೇಮ ಅದು. ಅವರು ಗಡಿಯಾರ ನೋಡುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಅಂಗೈ ಚಾಚಿ ನಿಲ್ಲುತ್ತಿದ್ದರು. ಆಕಾಶದ ಬೆಳಕಿಗೆ ಅಂಗೈ ಗೆರೆ ಕಾಣುವ ತನಕ ಉಣ್ಣಬಹುದು, ಕಾಣದಿದ್ದರೆ ಮರುದಿನ ಬೆಳಗಾಗಬೇಕು. ಅವರ ಮಗ, ಅಂದರೆ ನಮ್ಮ ಯಜಮಾನರು, ಕಿರಾಣಿ ಅಂಗಡಿಯ ಬಾಗಿಲು ಹಾಕಿ ಮನೆಗೆ ಬರುವಷ್ಟರಲ್ಲಿ ಊರೆಲ್ಲ ಉಂಡು ಮುಗಿಸಿರುತ್ತಿತ್ತು. ಅವರು ಈ ನೇಮವನ್ನು ಬಿಟ್ಟು ಯಾವ ಕಾಲವಾಯಿತೋ. ಅತ್ತೆ ಅದಕ್ಕಾಗಿ ಮಗನನ್ನು ಒಂದು ದಿನವೂ ಬೈದದ್ದಿಲ್ಲ. ಮಗ ನೋಡಿ!

ನಾನೂ ನೇಮ ಹಿಡಿದವಳಲ್ಲ. ತವರು ಮ್ಹೈಸಾಳದಲ್ಲಿ ಕಬ್ಬಿನ ಗದ್ದೆಯಿಂದ ಗಂಡಸರು ಬರುವುದೇ ಕತ್ತಲಾದ ಮೇಲೆ. ಚಾತುರ್ಮಾಸದ ತಿಂಗಳುಗಳನ್ನು ಬಿಟ್ಟರೆ ಎಲ್ಲರೂ ರಾತ್ರಿಯೇ ಉಣ್ಣುತ್ತಿದ್ದೆವು. ಮದುವೆಯಾಗಿ ಮಿರಜಿಗೆ ಬಂದ ಹೊಸತರಲ್ಲಿ ಹಗಲು ಬೆಳಕಿನಲ್ಲಿ ರಾತ್ರಿಯೂಟಕ್ಕೆ ಕೂರುವುದೆಂದರೆ ನನಗೆ ಸಿಟ್ಟೇ ಬರುತ್ತಿತ್ತು. ಹಸಿವೇ ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಆ ಹೊತ್ತಿಗೆ ಇರುತ್ತಿದ್ದವರು ನಾವಿಬ್ಬರೇ. ಅತ್ತೆ ಒಬ್ಬರೇ ಉಣ್ಣುವುದನ್ನು ನೋಡುತ್ತ ಕೂರಲಾಗದೆ ನಾನೂ ಒಂದು ತಟ್ಟೆ ಇಟ್ಟುಕೊಂಡೆ. ಬರುಬರುತ್ತ ಅದೇ ನಮ್ಮ ಮಾತಿನ ಹೊತ್ತಾಯಿತು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ಇಟ್ಟುಕೊಂಡು ನಾವು ನೆಂಟರಿಷ್ಟರನ್ನೆಲ್ಲ ಹಿಂಜಿ ಹಾಕುತ್ತಿದ್ದೆವು. ನನ್ನ ಮಗಳ ಲಗ್ನದ ಮಾತು ಗಟ್ಟಿಯಾದದ್ದು ಅಲ್ಲಿಯೇ. ಯಜಮಾನರಿಗೆ ತೀರ್ಮಾನವಷ್ಟೇ ತಿಳಿಯುತ್ತಿತ್ತು, ಅದೂ ರೊಟ್ಟಿ ಆರಿದ ಮೇಲೆ.

ಸೂಜಿ ಶುರುವಾದಾಗ ನನಗೆ ಭಯವಾಗಿದ್ದು ಈ ಊಟ ತಪ್ಪೀತೆಂದು. ಹಾಗಾಗಲಿಲ್ಲ. ಡಾಕ್ಟರರು, "ನೀವು ಯಾವಾಗ ಉಣ್ಣತೀರಿ ಅದಕ್ಕಿಂತ ಅರ್ಧ ತಾಸು ಮೊದಲ ಚುಚ್ಚಗೋರಿ, ಸೂರ್ಯನ ಜೋಡಿ ನನಗೇನೂ ಜಗಳಿಲ್ಲ," ಎಂದರು. ನಾನು ಮಿರಜಿನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಶಿಕ್ಷಕಿ. ಶಾಲೆ ಬಿಟ್ಟರೆ ನಡೆದುಕೊಂಡೇ ಮನೆ. ಬಂದವಳೇ ದೇವರ ಕೋಣೆಯ ಪಕ್ಕದ ಮೂಲೆಯಲ್ಲಿ ನಿಂತು ಸೂಜಿ ಚುಚ್ಚಿಕೊಳ್ಳುತ್ತಿದ್ದೆ. ಕೈಕಾಲು ತೊಳೆದು ಸೀರೆ ಬದಲಿಸುವಷ್ಟರಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಚಳಿಗಾಲದಲ್ಲಿ ಸೂಜಿ ಬೇಗ, ಬೇಸಿಗೆಯಲ್ಲಿ ತಡ. ಔಷಧಿಯನ್ನು ಸೂರ್ಯನಿಗೆ ಕಟ್ಟಿಹಾಕಿ ಒಂದೆರಡು ವರ್ಷ ಸುಖವಾಗಿಯೇ ಇದ್ದೆ.

ಆಮೇಲೆ ವಿಲೀನ ಬಂತು.

ನಮ್ಮ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದಿದ್ದು ಹೊಸ ಸುದ್ದಿಯೇನಲ್ಲ. ಸಲಗರೆ ಕಡೆಯಿಂದ ಬಂದು ನೆಲೆಸಿದ ಕುರಿಗಾರರ ಮನೆಯ ಮಕ್ಕಳು, ನಮ್ಮಂಥ ಜೈನರ ಮಕ್ಕಳು ಸೇರಿ ಬೆಂಚು ತುಂಬುತ್ತಿದ್ದ ಕಾಲವೊಂದಿತ್ತು. ಈಗಿನವರಿಗೆ ಶಿಕ್ಷಕಿಯೆಂದರೆ ಮರಾಠಿಯ ಹಾಗೆ ಬಾಯಿ. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ, "ತಿಳೀತೈತ್ರಿ ಬಾಯಿ, ಹೇಳಾಕ ಬರೂದಿಲ್ಲ," ಎಂದು ಹೇಳಿ, ಉತ್ತರವನ್ನು ಮರಾಠಿಯಲ್ಲಿ ಕೊಡುತ್ತಿದ್ದರು. ಉತ್ತರ ಸರಿ ಇರುತ್ತಿದ್ದರಿಂದ ನಾನೂ ಹೆಚ್ಚು ಗದರಿಸುತ್ತಿರಲಿಲ್ಲ. ನಮ್ಮ ಸಂಸ್ಥೆಗೆ ಸಾಂಗಲಿಯಲ್ಲಿ ಇನ್ನೊಂದು ದೊಡ್ಡ ಮರಾಠಿ ಶಾಲೆಯಿತ್ತು. ಎರಡನ್ನೂ ಕೂಡಿಸಿ ಅಲ್ಲಿನ ಒಂದೇ ಕಟ್ಟಡದಲ್ಲಿ ನಡೆಸುವುದೆಂದು ಮೇಲಿನವರು ತೀರ್ಮಾನಿಸಿದರು. ಬೆಳಿಗ್ಗೆ ಮರಾಠಿ ವರ್ಗಗಳು, ಮಧ್ಯಾಹ್ನದಿಂದ ಸಂಜೆವರೆಗೆ ಕನ್ನಡ ವರ್ಗಗಳು. ಹೆಚ್ಚಾದ ಶಿಕ್ಷಕರನ್ನು ಬೇರೆ ಕಡೆ ಹೊಂದಿಸುವುದಕ್ಕೆ ನಮ್ಮಲ್ಲಿ ಸಮಾಯೋಜನ ಎನ್ನುತ್ತಾರೆ. ಕೇಳಲು ಎಷ್ಟು ಮೃದುವಾದ ಮಾತು! ಜತ್ತ ತಾಲೂಕಿನ ಮೂಲೆಗೆ ಎತ್ತಿ ಒಗೆದರೂ ಅದು ಸಮಾಯೋಜನವೇ.

ಜೂನಿನಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ಜೂನಿನಲ್ಲಿ ಎಲ್ಲವೂ ಸರಳ. ಸಂಜೆ ಶಾಲೆ ಬಿಟ್ಟು, ಸಾಂಗಲಿಯಿಂದ ಬಸ್ಸು ಹಿಡಿದು ಮಿರಜಿಗೆ ಬಂದು, ಸೂಜಿ ತೆಗೆದುಕೊಂಡು, ಸಾವಕಾಶ ಕೂತು ಉಂಡರೂ ಹಿತ್ತಲಲ್ಲಿ ಬೆಳಕು ಇರುತ್ತಿತ್ತು. ಈ ವಿಲೀನಕ್ಕೆ ಜನ ಯಾಕಿಷ್ಟು ಗೊಣಗುತ್ತಾರೆ ಎಂದು ನನಗೆ ಅನಿಸಿದ್ದೂ ಉಂಟು. ದೀಪಾವಳಿ ರಜೆ ಮುಗಿದ ಮೇಲೆ ಗೊತ್ತಾಯಿತು. ಶಾಲೆ ಬಿಡುವ ಹೊತ್ತು ಅದೇ ಇತ್ತು, ಸೂರ್ಯ ಮಾತ್ರ ದಿನದಿನಕ್ಕೆ ಅವಸರ ಮಾಡತೊಡಗಿದ್ದ. ಮನೆಗೆ ಬಂದು ಸೂಜಿ ಚುಚ್ಚಿಕೊಂಡು ಅರ್ಧ ತಾಸು ಕಾದರೆ ಅತ್ತೆಯ ಅಂಗೈ ಗೆರೆ ಅಳಿಸಿಹೋಗುತ್ತಿತ್ತು. ಅವರು ನನಗಾಗಿ ಕಾಯುತ್ತ ಕಾಯುತ್ತ ಕೊನೆಗೆ ಗಬಗಬನೆ ನಾಲ್ಕು ತುತ್ತು ನುಂಗಿ ಕೈ ತೊಳೆಯುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಡಾಕ್ಟರರನ್ನು ಕೇಳಬಹುದಿತ್ತು. ಕೇಳಿದರೆ ಏನು ಹೇಳುತ್ತಾರೆಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ. ನಾನೇ ಒಂದು ಉಪಾಯ ಹುಡುಕಿದೆ. ಶಾಲೆ ಬಿಡುವ ಗಂಟೆ ಹೊಡೆಯುತ್ತಿದ್ದಂತೆ ಶಿಕ್ಷಕರ ಕೋಣೆಯ ಕಪಾಟಿನ ಹಿಂದೆ ನಿಂತು ಅಲ್ಲಿಯೇ ಸೂಜಿ ಚುಚ್ಚಿಕೊಂಡುಬಿಡುವುದು. ಬಸ್ಸಿನ ಪ್ರಯಾಣವೇ ಕಾಯುವ ಅರ್ಧ ತಾಸು. ಮನೆ ಮುಟ್ಟಿದ ಕೂಡಲೇ ತಟ್ಟೆಯ ಮುಂದೆ ಕೂತರಾಯಿತು. ಬಸ್ಸು ಕೆಟ್ಟರೆ, ರೈಲ್ವೆ ಗೇಟು ಬಿದ್ದರೆ ಎಂಬ ಯೋಚನೆ ಬರುತ್ತಿತ್ತು. ಅದಕ್ಕೆಂದು ಚೀಲದಲ್ಲಿ ಒಂದು ಸಕ್ಕರೆ ಪುಡಿಕೆ ಇಟ್ಟುಕೊಂಡಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಮತ್ತೆ ನಾವಿಬ್ಬರೂ ಬೆಳಕಿರುವಾಗಲೇ ಎದುರುಬದುರು ಕೂತು ಉಣ್ಣುವುದು ಸಾಧ್ಯವಾಯಿತು. ಅತ್ತೆ, "ಈಗೀಗ ಲಗೂನ ಉಣ್ಣಾಕ ಬರಾಕತ್ತಿ," ಎಂದು ಖುಷಿಪಟ್ಟರು. ಬಸ್ಸು ಬೇಗ ಸಿಗುತ್ತಿದೆ ಎಂದು ಸುಳ್ಳು ಹೇಳಿದೆ.

ಡಿಸೆಂಬರಿನ ಒಂದು ಸಂಜೆ ಹಾಗೆಯೇ ಕಪಾಟಿನ ಹಿಂದೆ ಸೂಜಿ ತೆಗೆದುಕೊಂಡು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದೆ. ಶಾಲೆಯ ಸಿಪಾಯಿ ಬಂದು, ಯಾರೂ ಹೋಗಬೇಡಿ, ಸಂಸ್ಥೆಯ ಅಧ್ಯಕ್ಷರು ಬಂದಿದ್ದಾರೆ, ಬೆಳಗಿನವರನ್ನೂ ಕರೆಸಿದ್ದಾರೆ, ಎರಡೂ ಶಾಲೆಯ ಶಿಕ್ಷಕರಿಗೆ ಸಭೆ ಇದೆ ಎಂದ. ಕನ್ನಡ ವಿಭಾಗದಲ್ಲಿ ಯಾರು ಉಳಿಯುತ್ತಾರೆ, ಯಾರ ಸಮಾಯೋಜನವಾಗುತ್ತದೆ ಎಂಬುದನ್ನು ಅಂದು ಹೇಳುವವರಿದ್ದರು. ಎದ್ದು ಹೋಗುವ ಸಭೆ ಅದಲ್ಲ. ಹೆಚ್ಚೆಂದರೆ ಹದಿನೈದು ನಿಮಿಷ ಎಂದುಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ಅಧ್ಯಕ್ಷರು ಸಂಸ್ಥೆಯ ಸ್ಥಾಪನೆಯಿಂದ ಶುರುಮಾಡಿದರು. ಮಾತೃಭಾಷೆಯ ಮಹತ್ವವನ್ನೂ ಹೇಳಿದರು, ಮರಾಠಿಯಲ್ಲಿ. ನಾನು ಕಿಟಕಿ ಕಡೆ ನೋಡುತ್ತಿದ್ದೆ. ಹೊರಗಿನ ಬೇವಿನ ಮರ ಕಪ್ಪಾಗುತ್ತಿತ್ತು. ಕನ್ನಡ ವಿಭಾಗದವರು ಯಾರೂ ಸದ್ಯಕ್ಕೆ ಹೋಗಬೇಕಾಗಿಲ್ಲ ಎಂಬ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಗಲೇ ಅಂಗೈ ಬೆವೆತದ್ದು ಗೊತ್ತಾಯಿತು. ಕುತ್ತಿಗೆಯ ಹಿಂದೆ ತಣ್ಣಗಾಯಿತು. ಸಿಪಾಯಿ ಎಲ್ಲರಿಗೂ ಪೇಢೆ ಹಂಚುತ್ತ ಬಂದು ನನ್ನ ಕೈಯಲ್ಲೂ ಒಂದಿಟ್ಟ.

ಹೊರಗೆ ಪೂರ್ತಿ ಕತ್ತಲಾಗಿತ್ತು. ಕೈಯಲ್ಲಿ ಪೇಢೆ, ಚೀಲದಲ್ಲಿ ಸಕ್ಕರೆ. ಎರಡರಲ್ಲಿ ಯಾವುದನ್ನು ಬಾಯಿಗೆ ಹಾಕಿದರೂ ಸಾಕಿತ್ತು. ಸಕ್ಕರೆ ಇಳಿಯುತ್ತಿದೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು, ಡಾಕ್ಟರರು ಹೇಳಿದ ಲಕ್ಷಣಗಳೆಲ್ಲ ಅವರು ಹೇಳಿದ ಕ್ರಮದಲ್ಲೇ ಬರುತ್ತಿದ್ದವು. ಪೇಢೆ ಸರಿಸಿ ಅಂಗೈ ನೋಡಿಕೊಂಡೆ. ಗೆರೆಗಳು ಕಾಣುತ್ತಿದ್ದವು. ಆದರೆ ಅದು ಟ್ಯೂಬ್‌ಲೈಟಿನ ಬೆಳಕು, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಮನಸ್ಸು ಹೇಳಿತು. ನೇಮವನ್ನೇ ಹಿಡಿಯದ ನನ್ನ ಮನಸ್ಸು! ನಾನು ಪೇಢೆಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕೂತೆ.

ಅದು ಸಕ್ಕರೆ ಇಳಿದವಳ ಬುದ್ಧಿ ಎಂದು ಡಾಕ್ಟರರು ಆಮೇಲೆ ಹೇಳಿದರು. ಇರಬಹುದು. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ನನ್ನಲ್ಲಿ ಅಂಥ ಭಕ್ತಿ ಇರಲಿಲ್ಲ, ಪಾಪದ ಹೆದರಿಕೆಯೂ ಇರಲಿಲ್ಲ. ಇದ್ದದ್ದು ಬೇರೆ ಹೆದರಿಕೆ. ಒಮ್ಮೆ ಹೊತ್ತು ಮುಳುಗಿದ ಮೇಲೆ ತಿಂದೆನೋ, ಮರುದಿನವೂ ತಿನ್ನುತ್ತೇನೆ, ಆಮೇಲೆ ಅದೇ ರೂಢಿಯಾಗುತ್ತದೆ, ಕೊನೆಗೆ ಅತ್ತೆ ಹಗಲಲ್ಲಿ ಒಬ್ಬರೇ, ನಾನು ರಾತ್ರಿ ಒಬ್ಬಳೇ. ಒಂದೇ ಮನೆಯಲ್ಲಿದ್ದು ಒಬ್ಬರ ತಟ್ಟೆ ಒಬ್ಬರಿಗೆ ಕಾಣದ ಹಾಗೆ ಬದುಕುವುದು ನನಗೆ ಬೇಡವಾಗಿತ್ತು. ಆ ಊಟವನ್ನು ಕಳೆದುಕೊಳ್ಳುವುದು ನನಗೆ ಅಷ್ಟು ಕಷ್ಟವಾಗಿತ್ತು ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದವರು ಮರಾಠಿ ವಿಭಾಗದ ಹಿರಿಯ ಶಿಕ್ಷಕಿ, ಬೆಳಗಿನ ವರ್ಗ ಮುಗಿದರೂ ಕಚೇರಿ ಕೆಲಸಕ್ಕೆಂದು ಸಂಜೆವರೆಗೆ ಉಳಿಯುವವರು. ಕಪಾಟು ಹಂಚಿಕೊಳ್ಳುವ ವಿಷಯದಲ್ಲಿ ಜೂನಿನಿಂದಲೂ ನಮಗಿಬ್ಬರಿಗೂ ಹಾವು ಮುಂಗುಸಿಯ ಸಂಬಂಧ. ನಾನು ಅವರ ಹೆಗಲ ಮೇಲೆ ವಾಲಿದಾಗ ಮೊದಲು ಸಿಟ್ಟಿನಿಂದಲೇ ತಿರುಗಿದರಂತೆ. ಮುಖ ನೋಡಿದೊಡನೆ ಗುರುತು ಹತ್ತಿತು, ಅವರ ಗಂಡನಿಗೂ ಇದೇ ಕಾಯಿಲೆ. "ಅಹೋ ಬಾಯಿ, ತೋಂಡ ಉಘಡಾ!" ಬಾಯಿ ತೆರೆಯಿರಿ ಎಂದು ಕೂಗಿದ್ದು ನನಗೆ ದೂರದಿಂದ ಕೇಳಿಸಿತು. "ಹೊತ್ತು ಮುಳುಗಿದೆ," ಎಂದು ನಾನು ಹೇಳಿದೆನಂತೆ. ಅವರು ನನ್ನ ಮುಷ್ಟಿ ಬಿಡಿಸಿ, ಗಲ್ಲ ಒತ್ತಿ, ಹಟಮಾರಿ ಕೂಸಿಗೆ ಔಷಧಿ ಹಾಕುವಂತೆ ಪೇಢೆ ಬಾಯಿಗೆ ತುರುಕಿದರು. ಆಮೇಲೆ ಸಕ್ಕರೆ ಸುರಿದ ಚಹಾ ಕುಡಿಸಿದರು. ಒಂದು ಪುಡಾ ಬಿಸ್ಕಿಟ್ಟು ಮುಗಿಯುವವರೆಗೂ ನನ್ನ ಎದುರಿನಿಂದ ಕದಲಲಿಲ್ಲ. ಆಟೋ ತರಿಸಿ ಮಿರಜಿನವರೆಗೆ ಜೊತೆಗೇ ಬಂದರು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ಎರಡು ತಟ್ಟೆ ಹಾಕಿದ್ದು ಹಾಗೇ ಇತ್ತು. ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿದಿರಲಿಲ್ಲ. ನಾನು ಈಗ ಬರುತ್ತೇನೆ, ಆಗ ಬರುತ್ತೇನೆ ಎಂದು ಕಾದು ಅವರೂ ಉಂಡಿರಲಿಲ್ಲ. ಇನ್ನು ಬೆಳಗಾಗುವ ತನಕ ಅವರಿಗೆ ನೀರೂ ಇಲ್ಲ. ಆ ತಟ್ಟೆಗಳನ್ನು ನೋಡಿ ನನಗೆ ಸತ್ತುಹೋಗುವಷ್ಟು ಸಂಕಟವಾಯಿತು. ಮರಾಠಿ ಬಾಯಿ ನಡೆದದ್ದನ್ನೆಲ್ಲ ಒದರಿದರು, ಕಪಾಟಿನ ಹಿಂದಿನ ಸೂಜಿಯನ್ನೂ ಬಿಡಲಿಲ್ಲ. ಅವರಿಗೆ ಅದು ಮೊದಲಿನಿಂದಲೂ ಗೊತ್ತಿತ್ತಂತೆ. ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಆ ಬಾಯಿಯನ್ನು ಕಳಿಸಿ ಬಂದು ನನ್ನ ಎದುರು ಕೂತರು.

"ನೀ ಯಾವಾಗರ ನೇಮ ಹಿಡದಿದ್ದೇನ?"

"ಇಲ್ಲರಿ ಅತ್ತಿ."

"ಮತ್ತ ಯಾರ ಸಲುವಾಗಿ ಸಾಯಾಕ ಹೊಂಟಿದ್ದಿ?"

ಅವರು ನನ್ನ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ನನಗೂ ಸಿಟ್ಟು ಬಂತು, ಅಳುವೂ ಬಂತು. "ನಿಮ್ಮ ಜೋಡಿ ಉಣ್ಣೂದು ತಪ್ಪತೈತಂತ," ಎಂದುಬಿಟ್ಟೆ. ಅತ್ತೆ ಎದ್ದು ತಟ್ಟೆಗಳನ್ನು ಎತ್ತಿಟ್ಟು, ಅಂಗಡಿಗೆ ಹೇಳಿಕಳಿಸಿ ಮಗನನ್ನು ಕರೆಸಿದರು. ಯಜಮಾನರು ಬಂದು ಡಾಕ್ಟರರಿಗೆ ಫೋನು ಹಚ್ಚಿದರು, ನನಗೆ ಹಾಲು ಕಾಯಿಸಿ ಕೊಟ್ಟರು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಮರುದಿನ ಬೆಳಿಗ್ಗೆ ನೀರು ಕುಡಿದು, ಒಂದಿಷ್ಟು ತಿಂದು ಅವರೇ ನನ್ನನ್ನು ಎಬ್ಬಿಸಿಕೊಂಡು ದವಾಖಾನೆಗೆ ಹೊರಟರು. ಡಾಕ್ಟರರು "ಬರ್ರಿ, ಕುಂದ್ರಿ," ಎನ್ನುವ ಮೊದಲೇ ಕೂತರು.

"ಈಕಿ ಸಾಲಿ ಬಿಟ್ಟು ಮನಿಗೆ ಬಂದು ಸೂಜಿ ತಗೊಂಡು ಕಾಯೂದ್ರಾಗ ಕತ್ತಲಾಗತೈತಿ. ಯಾವಾಗ ಉಣಬೇಕು ಹೇಳ್ರಿ."

ಡಾಕ್ಟರರು ನನ್ನ ಮುಖ ನೋಡಿ, ಅವರ ಮುಖ ನೋಡಿ, ತುಸು ಅನುಮಾನದಿಂದಲೇ ಹೇಳಿದರು. "ರಾತ್ರಿ ಎಂಟಕ್ಕ ಆದ್ರ ಚಲೋರಿ, ಬಸ್ಸು ತಡಾ ಆದ್ರೂ ತಪ್ಪೂದಿಲ್ಲ. ಮನ್ಯಾಗ, ರೊಟ್ಟಿ ತಯಾರಾದ ಮ್ಯಾಲನ ಸೂಜಿ. ಬಸ್ಸಿನ್ಯಾಗ ಅಲ್ಲ. ಮತ್ತ ದಿನಾ ಒಂದ ಹೊತ್ತಿಗೆ ಆಗಬೇಕು. ಸಾಲಿ ಇದ್ದಾಗ ಒಂದು, ಐತವಾರ ಒಂದು ಹಂಗ ನಡೆಯೂದಿಲ್ಲ."

"ಐತವಾರನೂ ಎಂಟಕ್ಕ?"

"ಐತವಾರನೂ."

ಕೇಳಿದವರು ಅತ್ತೆ. ಭಾನುವಾರದ ಊಟವಾದರೂ ಉಳಿದೀತು ಎಂದು ನನ್ನಂತೆ ಅವರೂ ಆಸೆ ಇಟ್ಟುಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು. "ಆತು," ಎಂದು ಎದ್ದರು. ಡಾಕ್ಟರರು ಬೆಳಗಿನ ಸೂಜಿಯ ಅಳತೆ ಒಂದಿಷ್ಟು ಬದಲಿಸಿದರು. ಸಕ್ಕರೆ ಪುಡಿಕೆ ಇಟ್ಟುಕೊಂಡರೆ ಸಾಲದು, ತಿನ್ನಲೂ ಬೇಕು ಎಂದು ನನಗೆ ಚುಚ್ಚಿದರು.

ಅಂದು ಸಂಜೆ ನಾನು ಮನೆಗೆ ಬಂದಾಗ ಅತ್ತೆಯ ತಟ್ಟೆ ತೊಳೆದು ಬೋರಲು ಹಾಕಿತ್ತು. ಗೊತ್ತಿದ್ದದ್ದೇ. ಏಳೂವರೆಗೆ ಸೂಜಿ ಚುಚ್ಚಿಕೊಂಡು, ಅರ್ಧ ತಾಸು ಕಾದು, ಅಡುಗೆಮನೆಯಲ್ಲಿ ಲೈಟು ಹಾಕಿ ಒಬ್ಬಳೇ ಬಡಿಸಿಕೊಂಡೆ. ಹಗಲೇ ಮಾಡಿಟ್ಟ ರೊಟ್ಟಿ ಆರಿತ್ತು. ಮುರಿದರೆ ತುತ್ತು ಕೈಯಿಂದ ಬಾಯಿಗೆ ಏಳಲೊಲ್ಲದು. ಆ ಹೊತ್ತಿಗೆ ದಿನವೂ ಜಪಕ್ಕೆ ಕೂರುವ ಅತ್ತೆ ಮಣೆ ತಂದು ನನ್ನ ಎದುರಿಗೆ ಹಾಕಿಕೊಂಡರು.

"ನಿಮ್ಮ ಮುಂದ ಕುಂತು ರಾತ್ರಿ ಹ್ಯಾಂಗ ಉಣ್ಣಲಿರಿ ಅತ್ತಿ?"

"ನನ್ನ ನೇಮ ನನ್ನ ಬಾಯಿಗೆ. ನಿನ್ನ ಬಾಯಿ ಮುಚ್ಚಸಾಕ ಅಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಸೂಜಿ ಆಗೇತಿ, ಉಣ್ಣವ್ವಾ. ನಾ ಇಲ್ಲೇ ಕುಂತೇನಿ. ಆ ಮರಾಠಿ ಬಾಯಿಗೆ ನಿನ್ನ ಕಪಾಟಿನ ಮ್ಯಾಲ ಅಷ್ಟ್ಯಾಕ ಸಿಟ್ಟು, ಅದನ್ನರ ಹೇಳು," ಎಂದರು.

ನಾನು ಹೇಳತೊಡಗಿದೆ. ಹೇಳುತ್ತ ಹೇಳುತ್ತ ಎರಡೂ ರೊಟ್ಟಿ ಉಂಡೆ, ನಡುವೆ ಕಣ್ಣೊರೆಸಿಕೊಂಡೆ. ಅವರಿಗೆ ಬಾಯಾರಿತ್ತು, ಮಾತಾಡುವಾಗ ತುಟಿ ಒಣಗುತ್ತಿದ್ದದ್ದು ಲೈಟಿನ ಬೆಳಕಿಗೆ ಕಾಣುತ್ತಿತ್ತು. ನನ್ನ ತಟ್ಟೆ ಖಾಲಿಯಾಗುವವರೆಗೂ ಅತ್ತೆ ಏಳಲಿಲ್ಲ.